ಮೃಚ್ಛಕಟಿಕದ ಇಬ್ಬರು ನೊಂದ ಪ್ರಣಯಿಗಳು

ಸಂಸ್ಕೃತ ನಾಟಕಗಳಲ್ಲಿ ಒಲವಿನ ಕಥೆಗಳಿಗೆ ಬರವಿಲ್ಲ. ಆದರೆ ಆ ಕಥೆಗಳಲ್ಲಿ ಮೇಲು ಕೀಳುಗಳ ಅಂತರ ತಲೆಹಾಕಿದಾಗ ಕವಿಗಳು ಸಾಮಾನ್ಯವಾಗಿ ಒಂದು ಉಪಾಯವನ್ನು ಹೂಡುತ್ತಾರೆ. 'ಮಾಲವಿಕಾಗ್ನಿಮಿತ್ರ'ದಲ್ಲಿ ದೊರೆಯು ಅಂತಃಪುರದ ಪರಿಚಾರಿಕೆಯೊಬ್ಬಳಿಗೆ ಮನಸೋಲುತ್ತಾನೆ. ಕೊನೆಗೆ ಅವಳು ವಿದರ್ಭದ ರಾಜಕುಮಾರಿಯೆಂದು ತಿಳಿದುಬರುತ್ತದೆ. 'ರತ್ನಾವಳಿ'ಯ ಸಾಗರಿಕೆಯೂ ಹಾಗೆಯೇ. ದಾಸಿಯ ವೇಷದಲ್ಲಿದ್ದವಳು ಸಿಂಹಳದ ಅರಸನ ಮಗಳು. ದುಷ್ಯಂತನಂಥವನು ಕೂಡ ಶಕುಂತಲೆಯ ಹುಟ್ಟನ್ನು ಅವಳ ಸಖಿಯರಿಂದ ವಿಚಾರಿಸಿ ತಿಳಿದು, ತಾನು ವರಿಸಬಹುದಾದವಳೆಂದು ಖಚಿತವಾದ ಮೇಲೆಯೇ ಸಮಾಧಾನ ಹೊಂದುತ್ತಾನೆ. ಅಂತರವಿದ್ದಂತೆ ತೋರಿತು, ನಿಜವಾಗಿ ಇರಲಿಲ್ಲ. ಆದುದರಿಂದ ಯಾರೂ ಏನನ್ನೂ ದಾಟಬೇಕಾಗಲಿಲ್ಲ.

ಶೂದ್ರಕನ 'ಮೃಚ್ಛಕಟಿಕ'ದಲ್ಲಿ ಈ ಅನುಕೂಲವಿಲ್ಲ. ವಸಂತಸೇನೆ ಮೊದಲಂಕದಲ್ಲಿ ಗಣಿಕೆ. ಹತ್ತನೆಯ ಅಂಕದಲ್ಲಿ ಅವಳು ಕಳೆದುಹೋದ ಯಾವ ಅರಸುಮಗಳೂ ಆಗಿ ಹೊರಬರುವುದಿಲ್ಲ. ಚಾರುದತ್ತನು ಹುಟ್ಟಿನಿಂದ ಬ್ರಾಹ್ಮಣ, ಮನೆತನದ ವೃತ್ತಿಯಿಂದ ವರ್ತಕ. ಅವನ ಅಜ್ಜ ವಿನಯದತ್ತ ಸಾರ್ಥವಾಹ, ಎಂದರೆ ವ್ಯಾಪಾರದ ತಂಡಗಳನ್ನು ನಡೆಸಿದವನು. ಮೊಮ್ಮಗ ಕೊಟ್ಟು ಕೊಟ್ಟು ಬಡವನಾದವನು. ಅವನಿಗೂ ಎಲ್ಲಿಯೋ ಹೂಳಿಟ್ಟ ನಿಧಿ ಸಿಗುವುದಿಲ್ಲ. ಇದ್ದ ಅಂತರ ಇದ್ದಂತೆಯೇ ಇರುತ್ತದೆ, ಅದನ್ನು ಅವರು ದಾಟಬೇಕಾಗುತ್ತದೆ. ಪರೀಕ್ಷೆಯ ಟಿಪ್ಪಣಿ ಪುಸ್ತಕಗಳು ಇದನ್ನು ಆದರ್ಶ ಪ್ರೇಮವೆಂದು ಎರಡು ಸಾಲಿನಲ್ಲಿ ಮುಗಿಸುತ್ತವೆ. ನನಗೇನೋ ಹಾಗೆ ತೋರುವುದಿಲ್ಲ. ಇಬ್ಬರೂ ಮನಸ್ಸಿಗೆ ಪೆಟ್ಟು ಬಿದ್ದವರು. ಅವರನ್ನು ಅಗಲಿಸಿ ನಿಲ್ಲಿಸಿರುವುದು ಸಮಾಜದ ಕಟ್ಟಳೆ ಎಷ್ಟೋ, ಆ ಪೆಟ್ಟಿನಿಂದ ಹುಟ್ಟಿದ ನಾಚಿಕೆಯೂ ಅಷ್ಟೆ. ಈ ದೃಷ್ಟಿಯಿಂದ ನಾಟಕವನ್ನು ಮತ್ತೊಮ್ಮೆ ಓದಬೇಕೆಂದು ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಕೋರಿಕೆ.

ಕವಿಯ ವಿಚಾರವನ್ನು ಬೇಗ ಮುಗಿಸುತ್ತೇನೆ. ಪ್ರಸ್ತಾವನೆಯ ಪ್ರಕಾರ ಶೂದ್ರಕನು ಅರಸ. ನೂರು ವರ್ಷ ಹತ್ತು ದಿನ ಬಾಳಿ ಅಗ್ನಿಪ್ರವೇಶ ಮಾಡಿದನು. ತನ್ನ ಸಾವಿನ ಲೆಕ್ಕವನ್ನು ಯಾವ ಕವಿಯೂ ತಾನೇ ಬರೆದಿಡಲಾರನಷ್ಟೆ. ಆ ಶ್ಲೋಕಗಳು ಬೇರೊಬ್ಬರ ಕೈಯವಾಗಿರಬೇಕು. ಟಿ. ಗಣಪತಿ ಶಾಸ್ತ್ರಿಗಳು ತಿರುವನಂತಪುರದಲ್ಲಿ ಪ್ರಕಟಿಸಿದ, ಭಾಸನವೆಂದು ಹೇಳಲಾಗುವ ನಾಟಕಗಳಲ್ಲಿ 'ಚಾರುದತ್ತ' ಎಂಬುದೊಂದಿದೆ. ಅದರಲ್ಲಿರುವುದು ನಾಲ್ಕೇ ಅಂಕಗಳು. ಶೂದ್ರಕನ ಮೊದಲ ನಾಲ್ಕು ಅಂಕಗಳಿಗೂ ಅದಕ್ಕೂ ಹತ್ತಿರದ ನಂಟಿದೆ. ಆದರೆ ರಾಜ್ಯಕ್ರಾಂತಿಯ ಕಥೆ ಅದರಲ್ಲಿಲ್ಲ. ಈ ಒಲವು ಕೊನೆಮುಟ್ಟಬೇಕಾದರೆ ಸಿಂಹಾಸನವೇ ಅಲುಗಬೇಕೆಂಬುದು ಶೂದ್ರಕನಲ್ಲಿಯೇ ಕಾಣುವ ಮಾತು.

ಚಾರುದತ್ತನ ಗಾಯವನ್ನು ಮೊದಲು ನೋಡೋಣ. ಬಡತನದ ಮೇಲೆ ಅವನಾಡುವ ಶ್ಲೋಕಗಳು ಪ್ರಸಿದ್ಧವಾದವು. ಅವುಗಳನ್ನು ಗಮನವಿಟ್ಟು ಓದಿದರೆ ಒಂದು ವಿಷಯ ಹೊಳೆಯುತ್ತದೆ. ಹಣ ಹೋಯಿತೆಂದು ಅವನು ಅಳುತ್ತಿಲ್ಲ. ಹಣ ಬರುವುದೂ ಹೋಗುವುದೂ ದೈವದ ಆಟವೆಂದು ಅವನೇ ಹೇಳುತ್ತಾನೆ. ಅವನನ್ನು ಸುಡುವುದು ಬೇರೊಂದು: ಹಣ ಹೋದವನ ವಿಷಯದಲ್ಲಿ ಗೆಳೆಯರ ಪ್ರೀತಿಯೂ ಸಡಿಲವಾಗುತ್ತದೆ, ಅತಿಥಿಗಳು ಅವನ ಬಾಗಿಲನ್ನು ಬಿಟ್ಟು ಹೋಗುತ್ತಾರೆ, ಯಾರೋ ಮಾಡಿದ ತಪ್ಪು ಅವನ ತಲೆಗೆ ಬರುತ್ತದೆ. ಕೊಡುವ ಕೈಯಾಗಿದ್ದು ಅಭ್ಯಾಸವಾದವನಿಗೆ ತನ್ನ ಬೆಲೆ ಏನೆಂಬುದು ಕೊಡುವುದರಲ್ಲಿಯೇ ಗೊತ್ತಾಗುತ್ತಿತ್ತು. ಈಗ ಕೊಡಲು ಏನೂ ಇಲ್ಲ. ಆದುದರಿಂದ ತಾನೂ ಇಲ್ಲವೆಂಬ ಭಾವನೆ. ಎರಡನೆಯ ಅಂಕದಲ್ಲಿ ಒಂದು ಸಣ್ಣ ಚಿತ್ರ ಬರುತ್ತದೆ. ವಸಂತಸೇನೆಯ ಆನೆ ಕಂಬ ಕಿತ್ತು ಬೀದಿಗಿಳಿದಾಗ ಅವಳ ಸೇವಕ ಕರ್ಣಪೂರಕನು ಅದನ್ನು ಪಳಗಿಸಿ ಒಬ್ಬ ಸಂನ್ಯಾಸಿಯನ್ನು ಕಾಪಾಡುತ್ತಾನೆ. ಗುಂಪಿನಲ್ಲಿದ್ದ ಒಬ್ಬನು ಇನಾಮು ಕೊಡಬೇಕೆಂದು ತನ್ನ ಮೈಮೇಲೆ ಆಭರಣಗಳಿರಬೇಕಾದ ಜಾಗಗಳನ್ನೆಲ್ಲ ತಡವಿಕೊಂಡು, ಎಲ್ಲವೂ ಬರಿದಾಗಿರುವುದನ್ನು ಕಂಡು, ನಿಟ್ಟುಸಿರಿಟ್ಟು, ಹೊದೆದಿದ್ದ ಉತ್ತರೀಯವನ್ನೇ ಅವನತ್ತ ಎಸೆಯುತ್ತಾನೆ. ಆತನೇ ಚಾರುದತ್ತ. ಬರಿಯ ಮೈಯನ್ನು ತಡವಿಕೊಂಡ ಆ ಕೈಯೇ ಅವನ ಗಾಯವನ್ನು ಶ್ಲೋಕಗಳಿಗಿಂತ ಚೆನ್ನಾಗಿ ತೋರಿಸುತ್ತದೆ.

ಕಾಮದೇವನ ಗುಡಿಯ ತೋಟದಲ್ಲಿ ವಸಂತಸೇನೆ ಅವನನ್ನು ಕಂಡು ಮೆಚ್ಚಿದ್ದಾಳೆ. ಆ ಸುದ್ದಿ ಅವನ ಕಿವಿಗೂ ಬೀಳುತ್ತದೆ. ಆಗ ಅವನಿಗಾಗುವುದು ಹರ್ಷವಲ್ಲ. ಕೈಲಾಗದವನ ಕೋಪದಂತೆ ತನ್ನ ಆಸೆಯೂ ತನ್ನ ಮೈಯೊಳಗೇ ಅಡಗಬೇಕೆಂದು ಅವನು ಕೊರಗುತ್ತಾನೆ. ಪ್ರಣಯಿಯೆನಿಸಿಕೊಂಡವನ ಮೊದಲ ಮಾತು ಇಂಥದು!

ವಸಂತಸೇನೆಯ ಗಾಯ ಇಷ್ಟು ಬಾಯಿಬಿಟ್ಟು ಮಾತಾಡುವುದಿಲ್ಲ. ಅವಳು ಐಶ್ವರ್ಯವಂತೆ. ಅವಳ ಮನೆಯ ಎಂಟು ಅಂಗಳಗಳನ್ನು ವಿದೂಷಕ ಮೈತ್ರೇಯನು ಬಾಯಿ ಬಿಟ್ಟುಕೊಂಡು ವರ್ಣಿಸುತ್ತಾನೆ. ಅಕ್ಕಸಾಲಿಗರು, ಅಡುಗೆಯವರು, ಸಂಗೀತಗಾರರು, ಪಂಜರದ ಹಕ್ಕಿಗಳು, ಒಂದಲ್ಲ ಎರಡಲ್ಲ. (ನಾಟಕ ಆಡುವವರಿಗೆ ಈ ವರ್ಣನೆ ತಲೆನೋವು, ಓದುವವರಿಗೂ ಸ್ವಲ್ಪ ಉದ್ದವೇ.) ಆದರೆ ಮೊದಲಂಕದ ಕತ್ತಲೆಯಲ್ಲಿ ರಾಜನ ಭಾವಮೈದುನ ಶಕಾರನು ಅವಳನ್ನು ಬೆನ್ನಟ್ಟಿ ಬರುವಾಗ, ಜೊತೆಗಿದ್ದ ವಿಟನು, ಆತ ಸಂಸ್ಕಾರವಂತ, ಕೆಟ್ಟವನಲ್ಲ, ಅವಳಿಗೆ ನೀತಿ ಹೇಳುತ್ತಾನೆ: ನೀನು ಹಾದಿಬದಿಯ ಬಳ್ಳಿ, ಎಲ್ಲರೂ ಇಳಿಯುವ ಕೊಳ; ಇಷ್ಟವಿದ್ದವನನ್ನೂ ಇಲ್ಲದವನನ್ನೂ ಒಂದೇ ಸಮನಾಗಿ ಕಾಣುವುದು ನಿನ್ನ ವೃತ್ತಿ, ಎಂಬುದು ಅದರ ತಾತ್ಪರ್ಯ. ಕೆಟ್ಟವನ ಬೈಗುಳವಾಗಿದ್ದರೆ ಅವಳು ಲೆಕ್ಕಕ್ಕಿಡುತ್ತಿರಲಿಲ್ಲ. ಒಳ್ಳೆಯವನ ಬಾಯಲ್ಲಿ, ಲೋಕಸಾಮಾನ್ಯವಾದ ಮಾತಾಗಿ ಇದು ಬಂದಿತೆಂಬುದೇ ಕ್ರೂರವಾದದ್ದು. ಒಲವನ್ನು ಹುಟ್ಟಿಸುವುದು ಗುಣವೇ ಹೊರತು ಬಲಾತ್ಕಾರವಲ್ಲವೆಂದು ಅವಳು ಉತ್ತರ ಕೊಡುತ್ತಾಳೆ. ಹತ್ತಂಕಗಳ ಉದ್ದಕ್ಕೂ ಅವಳು ಸಾಧಿಸಹೊರಟಿರುವುದು ಈ ಒಂದು ಮಾತನ್ನು.

ಬಡವನನ್ನು ಏಕೆ ಬಯಸುವೆಯೆಂದು ಸೇವಕಿ ಮದನಿಕೆ ಕೇಳಿದಾಗ ವಸಂತಸೇನೆ, ಬಡವನಾದುದರಿಂದಲೇ ಎನ್ನುತ್ತಾಳೆ. ಬಡವನಲ್ಲಿ ಮನವಿಟ್ಟ ಗಣಿಕೆಯನ್ನು ಲೋಕ ದೂರಲಾರದು. ನೋಡಿ, ಹಣವಿಲ್ಲದವನನ್ನು ಪ್ರೀತಿಸಿದರೆ ಮಾತ್ರವೇ ತನ್ನ ಪ್ರೀತಿ ಪ್ರೀತಿಯೆಂದು ಪರರಿಗೂ ತನಗೂ ಗೊತ್ತಾದೀತು ಎಂಬ ಸ್ಥಿತಿ ಅವಳದು. ಹಾಗಾದರೆ ತಡವೇಕೆ, ಹೋಗಬಾರದೇ? ಅದಕ್ಕೂ ಅವಳಲ್ಲಿ ಉತ್ತರವಿದೆ. ತಾನಾಗಿ ಬೇಗ ಹೋದರೆ, ಪ್ರತಿಯಾಗಿ ಕೊಡಲು ಏನೂ ಇಲ್ಲದ ಆತನು ನಾಚಿ, ಮತ್ತೆ ಕಣ್ಣಿಗೇ ಬೀಳದೆ ಹೋಗಬಹುದು. ಅವಳು ಅವನ ಗಾಯವನ್ನು ಎಷ್ಟು ಸರಿಯಾಗಿ ಗುರುತಿಸಿದ್ದಾಳೆ! ಆದುದರಿಂದಲೇ ಮೊದಲ ರಾತ್ರಿ ತನ್ನ ಒಡವೆಗಳ ಕರಡಿಗೆಯನ್ನು ಅವನಲ್ಲಿ ನ್ಯಾಸವಾಗಿಟ್ಟು ಹೋಗುತ್ತಾಳೆ. ಕಳ್ಳಕಾಕರ ಭಯವೆಂಬುದು ನೆವ. ಕೊಟ್ಟರೆ ಅವನು ಕುಗ್ಗುತ್ತಾನೆ. ನಂಬಿ ಇಟ್ಟರೆ ಬೆಳೆಯುತ್ತಾನೆ. ಜೊತೆಗೆ ಮತ್ತೆ ಬರಲು ಒಂದು ಕಾರಣವೂ ಆಯಿತು.

ಆ ರಾತ್ರಿಯದೇ ಇನ್ನೊಂದು ಘಟನೆಯನ್ನು ಮರೆಯಲಾಗದು. ಕತ್ತಲಲ್ಲಿ ಮನೆ ಹೊಕ್ಕ ವಸಂತಸೇನೆಯನ್ನು ಚಾರುದತ್ತನು ದಾಸಿ ರದನಿಕೆಯೆಂದು ತಿಳಿದು, ಮಗ ರೋಹಸೇನನಿಗೆ ಚಳಿಯಾದೀತು, ಈ ಉತ್ತರೀಯ ಹೊದಿಸಿ ಒಳಗೆ ಕರೆದುಕೊಂಡು ಹೋಗು ಎನ್ನುತ್ತಾನೆ. ವಸಂತಸೇನೆ ಉತ್ತರೀಯದ ಜಾಜಿಯ ಕಂಪನ್ನು ಮೂಸಿ ನಲಿಯುತ್ತಾಳೆ; ಆದರೆ ಕಾಲು ಕದಲಿಸುವುದಿಲ್ಲ. ನಿನ್ನ ಅಂತರ್ಗೃಹಕ್ಕೆ ಹೋಗುವ ಪುಣ್ಯ ನನಗಿಲ್ಲವೆಂದು ಮನಸ್ಸಿನಲ್ಲಿಯೇ ಹೇಳಿಕೊಳ್ಳುತ್ತಾಳೆ. ಈ 'ಅಭ್ಯಂತರ' ಎಂಬ ಮಾತನ್ನು ವಿದ್ಯಾರ್ಥಿಗಳು ಗುರುತು ಹಾಕಿಟ್ಟುಕೊಳ್ಳಬೇಕು. ಪ್ರಕರಣವೆಂಬ ನಾಟಕ ಜಾತಿಯಲ್ಲಿ ಕುಲಸ್ತ್ರೀ ಒಳಗಿನವಳು, ಗಣಿಕೆ ಹೊರಗಿನವಳು, ಇವರಿಬ್ಬರೂ ತಮ್ಮ ಎಲ್ಲೆಗಳನ್ನು ಮೀರಕೂಡದೆಂದು ಹತ್ತನೆಯ ಶತಮಾನದ ಧನಂಜಯನು 'ದಶರೂಪಕ'ದಲ್ಲಿ ವಿಧಿಸಿದ್ದಾನೆ. ಶೂದ್ರಕನ ನಾಟಕವೆಲ್ಲ ಆ ಹೊಸ್ತಿಲಿನ ಕಥೆ.

ಮೂರನೆಯ ಅಂಕದಲ್ಲಿ ಶರ್ವಿಲಕನ ಕನ್ನ. ಇವನೂ ಬ್ರಾಹ್ಮಣನೇ, ಜನಿವಾರವನ್ನು ಗೋಡೆ ಅಳೆಯುವ ದಾರವಾಗಿ ಬಳಸುವ ಕಳ್ಳ. ಮದನಿಕೆಯನ್ನು ದಾಸ್ಯದಿಂದ ಬಿಡಿಸಲು ಹಣ ಬೇಕೆಂದು ಕದಿಯುತ್ತಾನೆ. ಕದ್ದ ಕರಡಿಗೆ ಮದನಿಕೆಯ ಒಡತಿಯದೇ ಆಗಿರುತ್ತದೆ. ಬೆಳಗಾಗುತ್ತಲೇ ಚಾರುದತ್ತನು ಗೋಡೆಯ ಕಿಂಡಿಯನ್ನು ಕಂಡು ಮೊದಲು ಅದರ ಕುಶಲಕಲೆಯನ್ನು ಮೆಚ್ಚುತ್ತಾನೆ. ಬಂದ ಕಳ್ಳ ಬರಿಗೈಯಲ್ಲಿ ಹೋಗಲಿಲ್ಲವಲ್ಲ ಎಂದು ಸಂತೋಷವನ್ನೂ ಪಡುತ್ತಾನೆ. ನಗು ಬರುವ ಸನ್ನಿವೇಶ. ಆದರೆ ಮರುಕ್ಷಣವೇ, ಕಳವಾದದ್ದು ನ್ಯಾಸದ ಒಡವೆಯೆಂದು ತಿಳಿದು ಮೂರ್ಛೆ ಹೋಗುತ್ತಾನೆ. ಕಳುವಾಯಿತೆಂದರೆ ಯಾರು ನಂಬುತ್ತಾರೆ? ಬಡವನ ಮಾತಿಗೆ ಬೆಲೆಯುಂಟೆ? ಈ ಭಯದಿಂದ ಅವನು ಒಂದು ಸುಳ್ಳನ್ನು ಕಟ್ಟುತ್ತಾನೆ: ಒಡವೆಗಳನ್ನು ನನ್ನವೆಂದು ತಿಳಿದು ಜೂಜಿನಲ್ಲಿ ಸೋತೆ. ಕಳ್ಳನೆನಿಸುವುದಕ್ಕಿಂತ ಜೂಜುಗಾರನೆನಿಸುವುದು ಅವನಿಗೆ ಲೇಸು. ಸತ್ಯವಂತನೇಕೆ ಸುಳ್ಳು ಹೇಳಿದನೆಂದು ತರಗತಿಯಲ್ಲಿ ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಾರೆ. ನಿಜ ಹೇಳಿದರೂ ನಂಬುವವರಿಲ್ಲವೆಂಬ ಸ್ಥಿತಿಗೆ ಬಂದವನ ಸುಳ್ಳು ಅದು, ಎಂದು ನನ್ನ ಉತ್ತರ.

ಅವನ ಹೆಂಡತಿ ಧೂತೆಗೆ ಈ ಸುದ್ದಿ ಮುಟ್ಟುತ್ತದೆ. ಗಂಡನ ಮೈಗೆ ಪೆಟ್ಟಾಗಿದ್ದರೂ ಸೈರಿಸಬಹುದಿತ್ತು, ಹೆಸರಿಗೆ ಪೆಟ್ಟಾಗಬಾರದೆಂದು ಅವಳು ತವರಿನಿಂದ ಬಂದ ಏಕೈಕ ಒಡವೆಯಾದ ರತ್ನಾವಳಿಯನ್ನು, ವ್ರತದ ದಾನವೆಂಬ ನೆವದಿಂದ, ಮೈತ್ರೇಯನ ಕೈಗೆ ಹಾಕುತ್ತಾಳೆ. ನೇರವಾಗಿ ಕೊಟ್ಟರೆ ಗಂಡನು ತೆಗೆದುಕೊಳ್ಳನೆಂಬುದು ಅವಳಿಗೆ ಗೊತ್ತು. ವಸಂತಸೇನೆ ನ್ಯಾಸವೆಂಬ ನೆವ ಹೂಡಿದಳು, ಧೂತೆ ವ್ರತವೆಂಬ ನೆವ ಹೂಡಿದಳು. ಆ ಒಬ್ಬನ ಮಾನಕ್ಕೆ ಪೆಟ್ಟಾಗದಂತೆ ಕೊಡುವ ವಿದ್ಯೆಯನ್ನು ಒಬ್ಬರನ್ನೊಬ್ಬರು ಕಾಣದ ಇಬ್ಬರು ಹೆಂಗಸರು ಕಲಿತುಕೊಂಡಿದ್ದಾರೆ. ಹೆಣ್ಣಿನ ಹಣದಿಂದ ಬದುಕುವ ಗಂಡಸು ಹೆಣ್ಣೇ ಸರಿ ಎಂದು ಚಾರುದತ್ತನು ಹಲುಬುತ್ತಾನೆ. ನಾನು ಹೇಳುವುದಾದರೆ, ಈ ನಾಟಕವನ್ನು ಓದುವಾಗ ಧೂತೆಯನ್ನು ಮರೆತರೆ ಅರ್ಧ ನಾಟಕವನ್ನು ಮರೆತಂತೆ. ಪ್ರಣಯದ ಸೊಗಸಿಗೆ ಯಾರು ಬೆಲೆ ತೆತ್ತರೆಂಬ ಪ್ರಶ್ನೆ ಅವಳ ರೂಪದಲ್ಲಿ ಮನೆಯೊಳಗೆ ಮಾತಿಲ್ಲದೆ ನಿಂತಿದೆ.

ನಾಲ್ಕನೆಯ ಅಂಕದಲ್ಲಿ ಶರ್ವಿಲಕನು ಮದನಿಕೆಯ ಸಲಹೆಯಂತೆ, ಚಾರುದತ್ತನ ಕಡೆಯವನೆಂದು ಹೇಳಿಕೊಂಡು ಕದ್ದ ಒಡವೆಯನ್ನು ವಸಂತಸೇನೆಗೆ ಒಪ್ಪಿಸುತ್ತಾನೆ. ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿದ್ದ ಅವಳು ಕಂಡೂ ಕಾಣದಂತೆ ನಟಿಸಿ, ಒಡವೆ ತಂದವನಿಗೆ ಮದನಿಕೆಯನ್ನು ಕೊಡಬೇಕೆಂದು ಚಾರುದತ್ತನೇ ಹೇಳಿದ್ದಾನೆ ಎಂದುಬಿಡುತ್ತಾಳೆ. ಮದನಿಕೆ ಕಾಲಿಗೆ ಬೀಳಬಂದಾಗ, ಈಗ ವಂದನೆಗೆ ತಕ್ಕವಳು ನೀನೇ ಎನ್ನುತ್ತಾಳೆ. ಶರ್ವಿಲಕನು ಮದನಿಕೆಗೆ ಹೇಳುವ ಮಾತು ಇನ್ನೂ ಮುಖ್ಯವಾದದ್ದು: ಸುಲಭವಾಗಿ ಸಿಗದ 'ವಧೂ' ಎಂಬ ಶಬ್ದದ ಮುಸುಕು ನಿನಗೆ ಯಾರಿಂದ ದೊರೆಯಿತೋ ಆಕೆಗೆ ನಮಸ್ಕರಿಸು. ಸೇವಕಿಗೆ ಸಿಕ್ಕ ಮುಸುಕು ಒಡತಿಗೆ ಇನ್ನೂ ಇಲ್ಲ. ವಸಂತಸೇನೆ ಬಂಡಿ ಹೋಗುವುದನ್ನು ನೋಡುತ್ತ ನಿಲ್ಲುತ್ತಾಳೆ.

ಇಲ್ಲಿ ಭಾಷೆಯ ವಿಚಾರವಾಗಿ ಒಂದು ಮಾತು. ಈ ನಾಟಕದಷ್ಟು ಬಗೆಬಗೆಯ ಪ್ರಾಕೃತಗಳು ಬೇರಾವ ಸಂಸ್ಕೃತ ನಾಟಕದಲ್ಲಿಯೂ ಇಲ್ಲ. ಶೌರಸೇನಿ, ಮಾಗಧಿ, ಆವಂತಿ, ಪ್ರಾಚ್ಯ, ಚಾಂಡಾಲಿ, ಶಕಾರನ ಶಾಕಾರಿ ಎಂದು ವ್ಯಾಖ್ಯಾನಕಾರ ಪೃಥ್ವೀಧರನು ಪಟ್ಟಿ ಕೊಡುತ್ತಾನೆ. ಅಂತಸ್ತು ಬಾಯಿ ತೆರೆದೊಡನೆ ಗೊತ್ತಾಗುತ್ತದೆ. ಹೆಂಗಸರಿಗೆ ಪ್ರಾಕೃತವೇ ಗತಿ. ಆದರೆ ಮೈತ್ರೇಯನು ರತ್ನಾವಳಿಯನ್ನು ತಂದಾಗ ವಸಂತಸೇನೆ ಇದ್ದಕ್ಕಿದ್ದಂತೆ ಸಂಸ್ಕೃತಕ್ಕೆ ಹೊರಳಿ, ಮರವೊಂದರ ಹೋಲಿಕೆಯಲ್ಲಿ ಚಾರುದತ್ತನ ಕ್ಷೇಮವನ್ನು ಕೇಳುತ್ತಾಳೆ. ಐದನೆಯ ಅಂಕದ ಬಿರುಮಳೆಯಲ್ಲಿ ಅವನ ಮನೆಗೆ ನಡೆದು ಹೋಗುವಾಗಲೂ ಮೋಡವನ್ನು, ಮಿಂಚನ್ನು, ಅಹಲ್ಯೆಗಾಗಿ ಸುಳ್ಳಾಡಿದ ಇಂದ್ರನನ್ನು ಸಂಸ್ಕೃತ ಶ್ಲೋಕಗಳಲ್ಲಿ ಹಳಿಯುತ್ತಾಳೆ. ಹೊಸ್ತಿಲು ದಾಟುವ ಮುನ್ನ ಅವಳು ಭಾಷೆಯನ್ನು ದಾಟಿದ್ದಾಳೆ. ಅವನ ಮನೆಯಲ್ಲಿ ಮಾತ್ರ ಅವಳ ಜಾಣತನ ತುಂಟತನವಾಗುತ್ತದೆ. ನಿಮ್ಮ ರತ್ನಾವಳಿಯನ್ನು ನನ್ನದೆಂದು ತಿಳಿದು ಜೂಜಿನಲ್ಲಿ ಸೋತೆವು, ಬದಲಿಗೆ ಇದನ್ನು ತೆಗೆದುಕೊಳ್ಳಿ ಎಂದು ಚೇಟಿಯ ಬಾಯಿಂದ ಹೇಳಿಸಿ ಕಳುವಾಗಿದ್ದ ಅದೇ ಕರಡಿಗೆಯನ್ನು ಮುಂದಿಡುತ್ತಾಳೆ. ಅವನ ಸುಳ್ಳು ಅವನಿಗೇ ಹಿಂದಿರುಗಿತು. ಆದರೆ ಅವಮಾನವಾಗದಂತೆ, ನಗೆಯಾಗಿ. ನಾಚಿಕೆ ಕರಗಿದ ಗಳಿಗೆ ಇದು. ಮಳೆ ನಿಲ್ಲುವುದಿಲ್ಲ.

ಮರುದಿನ ಬೆಳಿಗ್ಗೆ ಎಚ್ಚೆತ್ತು ವಸಂತಸೇನೆ ಕೇಳುವ ಪ್ರಶ್ನೆ, ನಾನು ಅಂತಃಪುರದೊಳಗೆ ಬಂದುಬಿಟ್ಟೆನೆ? ಎಂಬುದು. ಗುರುತು ಹಾಕಿಟ್ಟ ಶಬ್ದ ಮತ್ತೆ ಬಂದಿತಲ್ಲವೆ? ಎಲ್ಲರ ಹೃದಯದೊಳಗೂ ಬಂದಿರುವೆಯೆಂದು ಚೇಟಿ ಸಮಾಧಾನ ಹೇಳುತ್ತಾಳೆ. ಆದರೆ ಎಲ್ಲರ ಹೃದಯವೆ? ಅವಳು ರತ್ನಾವಳಿಯನ್ನು ಅಕ್ಕನಿಗೆ ಕೊಡೆಂದು ಧೂತೆಗೆ ಕಳುಹಿಸುತ್ತಾಳೆ. ಪತಿಯೇ ತನಗೆ ಆಭರಣವೆಂದು ಧೂತೆ ಹಿಂದಕ್ಕೆ ಕಳುಹಿಸುತ್ತಾಳೆ. ಎಷ್ಟು ವಿನಯದ ಉತ್ತರ, ಎಷ್ಟು ಗಟ್ಟಿಯಾಗಿ ಮುಚ್ಚಿದ ಬಾಗಿಲು!

ಆಗ ಅಳುತ್ತ ಬರುತ್ತಾನೆ ಮಗು ರೋಹಸೇನ. ನೆರೆಮನೆಯ ಹುಡುಗನ ಚಿನ್ನದ ಬಂಡಿಯಲ್ಲಿ ಆಡಿದ್ದವನಿಗೆ ರದನಿಕೆ ಮಾಡಿಕೊಟ್ಟ ಮಣ್ಣಿನ ಬಂಡಿ ಬೇಡ. ಇವಳು ಯಾರೆಂದು ವಸಂತಸೇನೆಯನ್ನು ತೋರಿಸಿ ಕೇಳುತ್ತಾನೆ. ನಿನ್ನ ತಾಯಿಯೆಂದು ರದನಿಕೆ ಹೇಳುತ್ತಾಳೆ. ಮಗುವಿಗೆ ನಂಬಿಕೆಯಿಲ್ಲ. ತಾಯಿಯಾದರೆ ಮೈತುಂಬ ಒಡವೆಯೇಕೆ? ಅದು ಕಂಡ ತಾಯಿಯ ಮೈಮೇಲೆ ಒಡವೆಯಿಲ್ಲ. ವಸಂತಸೇನೆ ಅಳುತ್ತ ಒಡವೆಗಳನ್ನೆಲ್ಲ ಕಳಚಿ, ಈಗ ನಿನ್ನ ತಾಯಿಯಾದೆನೆಂದು, ಮಣ್ಣಿನ ಬಂಡಿಯೊಳಗೆ ತುಂಬುತ್ತಾಳೆ. ನಾಟಕಕ್ಕೆ ಹೆಸರು ಬಂದದ್ದು ಇಲ್ಲಿಂದ. ಒಡವೆಯೆಂಬುದು ಗಣಿಕೆಯ ಸಂಪಾದನೆ, ಅವಳ ವೃತ್ತಿಯ ಗುರುತು. ಅದನ್ನು ಕಳಚುವುದೆಂದರೆ ಆ ವೃತ್ತಿಯನ್ನೇ ಕಳಚಿದಂತೆ. ಧೂತೆ ಒಪ್ಪದ್ದನ್ನು ಮಗು, ತಿಳಿಯದೆಯೇ, ಒಂದು ಷರತ್ತಿನ ಮೇಲೆ ಒಪ್ಪಿತು.

ಮುಂದಿನ ಅನಾಹುತವೂ ಈ ಒಡವೆಗಳಿಂದಲೇ. ಬಂಡಿಗಳ ಅದಲುಬದಲಿನಿಂದ ವಸಂತಸೇನೆ ಶಕಾರನ ಬಂಡಿಯನ್ನೇರಿ ಪುಷ್ಪಕರಂಡಕದ ತೋಟಕ್ಕೆ ಹೋಗುತ್ತಾಳೆ. ಸೆರೆಯಿಂದ ತಪ್ಪಿಸಿಕೊಂಡ ಗೋಪಾಲಕರ ಹುಡುಗ ಆರ್ಯಕ ಚಾರುದತ್ತನ ಬಂಡಿಯನ್ನೇರುತ್ತಾನೆ. ಬಂಡಿಯನ್ನು ತಡೆದ ಕಾವಲುಗಾರರಲ್ಲಿ ಚಂದನಕನು ಆರ್ಯಕನನ್ನು ಕಂಡರೂ ಬಿಟ್ಟುಕೊಡದೆ, ಸಂಗಡಿಗ ವೀರಕನ ಅನುಮಾನವನ್ನು ಹಾರಿಸಲು ತಾನೊಂದು ಕರ್ಣಾಟ ಜಗಳವನ್ನು ತೆಗೆಯುತ್ತೇನೆ ಎಂದುಕೊಳ್ಳುತ್ತಾನೆ! ಕಾಲು ಕೆರೆದು ಜಗಳ ತೆಗೆಯುವುದಕ್ಕೆ ನಮ್ಮ ನಾಡಿನ ಹೆಸರು ಉಜ್ಜಯಿನಿಯ ನಾಟಕದಲ್ಲಿ ನಿಂತುಬಿಟ್ಟಿದೆ. ಕನ್ನಡಿಗರು ಇದನ್ನು ನಗುತ್ತಲೇ ಸ್ವೀಕರಿಸಬಹುದು, ಏಕೆಂದರೆ ಆ ಜಗಳದಿಂದಲೇ ಮುಂದೆ ರಾಜ್ಯ ಕೈಬದಲಾಯಿತು.

ತೋಟದಲ್ಲಿ ಶಕಾರನು ಅವಳನ್ನು ಕೊಲ್ಲೆಂದು ವಿಟನಿಗೆ ಹೇಳುತ್ತಾನೆ, ಅವನು ಒಪ್ಪುವುದಿಲ್ಲ. ಆಳು ಸ್ಥಾವರಕನಿಗೆ ಹೇಳುತ್ತಾನೆ, ಅವನೂ ಪರಲೋಕಕ್ಕೆ ಹೆದರಿ ಒಪ್ಪುವುದಿಲ್ಲ. ಕೊನೆಗೆ ತಾನೇ ಕುತ್ತಿಗೆ ಹಿಸುಕುತ್ತಾನೆ. ಆಗಲೂ ಅವಳ ಬಾಯಲ್ಲಿ ಚಾರುದತ್ತನ ಹೆಸರು.

ಇನ್ನು ನ್ಯಾಯಸ್ಥಾನ. ಈ ಒಂಬತ್ತನೆಯ ಅಂಕವನ್ನು ನಾನು ಈ ಪ್ರಣಯದ ನಿಜವಾದ ಪರೀಕ್ಷೆಯೆಂದು ಭಾವಿಸುತ್ತೇನೆ. ಶಕಾರನೇ ಕೊಂದು ಶಕಾರನೇ ದೂರು ಕೊಟ್ಟಿದ್ದಾನೆ. ನ್ಯಾಯಾಧಿಕಾರಿ ಸಜ್ಜನ; ಚಾರುದತ್ತನಿಗೆ ಆಸನ ಕೊಡಿಸಿ, ಈ ಗಣಿಕೆ ನಿನ್ನ ಗೆಳತಿಯೇ ಎಂದು ಕೇಳುತ್ತಾನೆ. ಚಾರುದತ್ತನು ತಲೆ ತಗ್ಗಿಸುತ್ತಾನೆ. ಗಣಿಕೆಯೊಬ್ಬಳು ನನ್ನ ಗೆಳತಿಯೆಂದು ಹೇಗೆ ಹೇಳಲಿ? ಒತ್ತಾಯ ಮಾಡಿದ ಮೇಲೆ, ಇಲ್ಲಿ ತಪ್ಪು ಯೌವನದ್ದು, ಚಾರಿತ್ರ್ಯದ್ದಲ್ಲ ಎಂಬರ್ಥದ ಉತ್ತರ ಕೊಡುತ್ತಾನೆ. ಬಿರುಮಳೆಯಲ್ಲಿ ನಡೆದು ಬಂದವಳನ್ನು, ತನ್ನ ಮಗುವಿಗಾಗಿ ಮೈಮೇಲಿನ ಚಿನ್ನವನ್ನು ಕಳಚಿದವಳನ್ನು, ಅವನು ಸಭೆಯ ಮುಂದೆ ಹರೆಯದ ತಪ್ಪೆಂದು ಕರೆದುಬಿಟ್ಟನು. ವ್ಯಾಖ್ಯಾನಕಾರರು ಇದನ್ನು ಲಜ್ಜೆಯೆಂದು ಹೇಳಿ ಮುಂದೆ ಸಾಗುತ್ತಾರೆ. ಲಜ್ಜೆಯೇ ನಿಜ; ಆದರೆ ಯಾವ ಲಜ್ಜೆ? ಬಡತನದ ನಾಚಿಕೆಯನ್ನು ಅವಳು ನಗಿಸಿ ಕರಗಿಸಿದ್ದಳು. ಕುಲದ ನಾಚಿಕೆ ಉಳಿದೇ ಇತ್ತು, ಅದು ಎಲ್ಲಕ್ಕಿಂತ ಕೆಟ್ಟ ಹೊತ್ತಿನಲ್ಲಿ ತಲೆಯೆತ್ತಿತು.

ಅದೇ ಸಭೆಯಲ್ಲಿ ವಸಂತಸೇನೆಯ ಮುದಿ ತಾಯಿಯೂ ಇದ್ದಾಳೆ. ನಾಲ್ಕನೆಯ ಅಂಕದಲ್ಲಿ ಮೈತ್ರೇಯನು ಅವಳ ದಪ್ಪ ಮೈಯನ್ನು ಹಾಸ್ಯ ಮಾಡಿದ್ದನು, ನಾವೂ ನಕ್ಕಿದ್ದೆವು. ಮಗಳು ಸತ್ತಳೆಂಬ ಸುದ್ದಿಯ ನಡುವೆಯೂ ಅವಳು, ನನ್ನ ಮಗಳು ಹೋದರೆ ಹೋದಳು, ಇವನು ಬದುಕಲಿ, ಇಂಥವನು ಒಡವೆಗಾಗಿ ಕೊಲ್ಲುವವನಲ್ಲ ಎಂದು ವಾದಿಸುತ್ತಾಳೆ. ಚಾರುದತ್ತನು ಆಡಲಾರದ ಮಾತಿನ ಧೈರ್ಯವನ್ನು ಆ ಮುದುಕಿ ತೋರಿಸಿದಳು. ಅಷ್ಟರಲ್ಲಿ ಒಡವೆಗಳನ್ನು ಹಿಂದಿರುಗಿಸಲು ಹೊರಟಿದ್ದ ಮೈತ್ರೇಯನು ಸುದ್ದಿ ಕೇಳಿ ಸಭೆಗೆ ಓಡಿ ಬಂದು ಶಕಾರನೊಡನೆ ಜಗಳಕ್ಕೆ ಬೀಳುತ್ತಾನೆ. ಕಂಕುಳಲ್ಲಿದ್ದ ಒಡವೆಗಳು ಎಲ್ಲರ ಕಣ್ಣೆದುರಿಗೆ ಕೆಳಗೆ ಬೀಳುತ್ತವೆ. ನಂಬಿಕೆಯ ನ್ಯಾಸವಾಗಿದ್ದವು, ದಾಸಿಯ ಬಿಡುಗಡೆಗೆ ಕಾರಣವಾದವು, ಮಗುವಿನ ಬಂಡಿಯಲ್ಲಿ ತುಂಬಿದ್ದವು, ಈಗ ಕೊಲೆಗೆ ಸಾಕ್ಷಿಯಾದವು. ಇನ್ನು ವಾದಿಸಿ ಫಲವಿಲ್ಲ. ಅವಳಿಲ್ಲದ ಮೇಲೆ ಬದುಕಿಯೂ ಫಲವಿಲ್ಲವೆಂದು ಅವನು ಸುಮ್ಮನಾಗುತ್ತಾನೆ. ಬ್ರಾಹ್ಮಣನಿಗೆ ವಧೆಯಿಲ್ಲ, ಗಡೀಪಾರು ಮಾತ್ರವೆಂದು ನ್ಯಾಯಾಧಿಕಾರಿ ಮನುವಿನ ವಿಧಿಯನ್ನು ತೋರಿಸಿದರೂ ದೊರೆ ಪಾಲಕನು ಕೇಳುವುದಿಲ್ಲ. ಆ ಒಡವೆಗಳನ್ನೇ ಕೊರಳಿಗೆ ಕಟ್ಟಿ, ಡಂಗುರ ಸಾರುತ್ತ ಕೊಂಡೊಯ್ದು ಶೂಲಕ್ಕೇರಿಸಬೇಕೆಂದು ಆಜ್ಞೆಯಾಗುತ್ತದೆ.

ವಧ್ಯಸ್ಥಾನದ ದಾರಿಯಲ್ಲಿ ಸತ್ಯ ಬಲ್ಲ ಸ್ಥಾವರಕನು ಉಪ್ಪರಿಗೆಯಿಂದ ಧುಮುಕಿ ಬಂದು ಕೂಗಿ ಹೇಳುತ್ತಾನೆ. ಚಿನ್ನ ಕದ್ದುದಕ್ಕೆ ಹೊಡೆದೆ, ಅದರ ಸೇಡಿಗಾಗಿ ಹೀಗೆನ್ನುತ್ತಾನೆ ಎಂಬ ಶಕಾರನ ಒಂದು ಮಾತಿಗೆ ಆಳಿನ ಸತ್ಯ ಬಿದ್ದುಹೋಗುತ್ತದೆ. ಬಡವನ ಮಾತನ್ನು ಯಾರು ನಂಬುತ್ತಾರೆಂದು ಮೂರನೆಯ ಅಂಕದಲ್ಲಿ ಚಾರುದತ್ತನು ಹೆದರಿದ್ದು ಹುಸಿಯಲ್ಲ. ಕೊಲ್ಲಲು ಎತ್ತಿದ ಕತ್ತಿ ಚಾಂಡಾಲನ ಕೈಯಿಂದ ಜಾರುತ್ತದೆ. ಅವನು ಸಹ್ಯವಾಸಿನಿಯಾದ ದೇವಿಯನ್ನು ನೆನೆಯುತ್ತಾನೆ. (ಉಜ್ಜಯಿನಿಯಲ್ಲಿ ಸಹ್ಯಾದ್ರಿಯ ದೇವಿಯ ನೆನಪೇಕೆ? ಕವಿಗೆ ತೆಂಕಣದ ನಂಟಿತ್ತೆಂದು ಕೆಲವು ವಿದ್ವಾಂಸರು ಇದನ್ನು ಹಿಡಿದು ಊಹಿಸಿದ್ದಾರೆ.) ಅಷ್ಟರಲ್ಲಿ ವಸಂತಸೇನೆಯೇ ಓಡಿ ಬರುತ್ತಾಳೆ. ಅವಳನ್ನು ಬದುಕಿಸಿದವನು ಒಬ್ಬ ಬೌದ್ಧ ಭಿಕ್ಷು, ಹಿಂದೆ ಚಾರುದತ್ತನ ಬಳಿ ಮೈಯೊತ್ತುತ್ತಿದ್ದ ಸಂವಾಹಕ. ಜೂಜಿನಲ್ಲಿ ಸೋತ ಹತ್ತು ಸುವರ್ಣಗಳಿಗಾಗಿ ಹೊಡೆತ ತಿನ್ನುತ್ತಿದ್ದಾಗ, ಚಾರುದತ್ತನ ಆಳಾಗಿದ್ದವನೆಂಬ ಒಂದೇ ಕಾರಣಕ್ಕೆ ವಸಂತಸೇನೆ ಬಳೆ ಕೊಟ್ಟು ಬಿಡಿಸಿದ್ದವನು. ಅದೇ ಹೊತ್ತಿಗೆ ಪಾಲಕನು ಹತನಾಗಿ ಆರ್ಯಕನು ದೊರೆಯಾದ ಸುದ್ದಿ ಬರುತ್ತದೆ. ಜನರು ಶಕಾರನನ್ನು ಕೊಲ್ಲಬೇಕೆನ್ನುತ್ತಾರೆ, ಚಾರುದತ್ತನು ಬಿಡಿಸುತ್ತಾನೆ. ಚಿತೆಗೆ ಹಾರಲಿದ್ದ ಧೂತೆಯನ್ನು ತಡೆಯುತ್ತಾರೆ. ಅವಳು ವಸಂತಸೇನೆಯನ್ನು ಕಂಡು ತಂಗಿಯೆಂದು ಕರೆಯುತ್ತಾಳೆ, ಇಬ್ಬರೂ ಅಪ್ಪಿಕೊಳ್ಳುತ್ತಾರೆ. ಒಳಗಿನವಳೂ ಹೊರಗಿನವಳೂ ಸೇರಬಾರದೆಂಬ ಲಕ್ಷಣವನ್ನು ಶೂದ್ರಕನು ಸ್ಮಶಾನದಲ್ಲಿ ಮುರಿದನು, ಮನೆಯೊಳಗಲ್ಲ. ಇದನ್ನು ಕವಿಯ ವಿವೇಕವೆನ್ನಲೋ ಎಚ್ಚರಿಕೆಯೆನ್ನಲೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಎಚ್ಚರಿಕೆಯೆಂದೇ ನನ್ನ ಒಲವು.

ಈ ನಾಟಕದ ಮೋಹ ಇಂದಿಗೂ ಮಾಸಿಲ್ಲ. ರೈಡರನ ಇಂಗ್ಲಿಷ್ ಅನುವಾದ ೧೯೦೫ರಲ್ಲಿ ಬಂದಿತು. ೧೯೪೧ರಲ್ಲಿ ಕನ್ನಡದಲ್ಲಿ 'ವಸಂತಸೇನಾ' ಚಲನಚಿತ್ರವಾಯಿತು, ಆರ್. ನಾಗೇಂದ್ರರಾಯರೂ ಎಂ. ವಿ. ಸುಬ್ಬಯ್ಯ ನಾಯ್ಡು ಅವರೂ ಅದರಲ್ಲಿ ಅಭಿನಯಿಸಿದರು. ೧೯೫೮ರಲ್ಲಿ ಹಬೀಬ್ ತನ್ವೀರರು 'ಮಿಟ್ಟಿ ಕೀ ಗಾಡಿ'ಯಲ್ಲಿ ಛತ್ತೀಸ್‌ಗಢದ ಹಳ್ಳಿಯ ಕಲಾವಿದರನ್ನು ರಂಗಕ್ಕೆ ತಂದರು. ೧೯೮೪ರಲ್ಲಿ ಗಿರೀಶ ಕಾರ್ನಾಡರು ಹಿಂದಿಯಲ್ಲಿ 'ಉತ್ಸವ್' ತೆಗೆದರು. ಒಬ್ಬೊಬ್ಬರು ಒಂದೊಂದು ಮಗ್ಗುಲನ್ನು ಹಿಡಿದರು; ಮೂಲವನ್ನು ಓದಿದವರಿಗೆ ಇವೆಲ್ಲವೂ ಬೇರೆ ಬೇರೆಯಾಗಿ ಸ್ವಾರಸ್ಯ ಕೊಡುತ್ತವೆ.

ಕೊನೆಯ ಅಂಕದ ಕಟ್ಟಕಡೆಯ ಪುಟವನ್ನು ನೋಡಿ ಮುಗಿಸುತ್ತೇನೆ. ಹೊಸ ದೊರೆಯ ಪರವಾಗಿ ವರಗಳನ್ನು ಹಂಚುತ್ತಿರುವವನು ಶರ್ವಿಲಕ; ಕಳ್ಳನಾಗಿದ್ದವನು ಈಗ ಆರ್ಯಕನ ಬಲಗೈ. ದೊರೆಯು ಪ್ರೀತನಾಗಿ ನಿಮಗೆ 'ವಧೂ' ಶಬ್ದವನ್ನು ಅನುಗ್ರಹಿಸಿದ್ದಾನೆಂದು ಅವನು ವಸಂತಸೇನೆಗೆ ಹೇಳಿ ಅವಳ ತಲೆಯ ಮೇಲೆ ಮುಸುಕೆಳೆಯುತ್ತಾನೆ. ನಾಲ್ಕನೆಯ ಅಂಕದಲ್ಲಿ ಅವನ ಮದನಿಕೆಗೆ ಈ ಮುಸುಕನ್ನು ಬೆಲೆ ಕೇಳದೆ ಕೊಟ್ಟವಳು ಅವಳೇ. ಒಬ್ಬ ದಾಸಿಗೆ ಅದನ್ನು ಕೊಡಲು ಅವಳ ಒಂದು ಮಾತು ಸಾಕಾಗಿತ್ತು; ಅವಳಿಗೆ ಅದು ಸಿಗಲು ಒಬ್ಬ ಅರಸ ಸತ್ತು ಇನ್ನೊಬ್ಬನು ಪಟ್ಟವೇರಬೇಕಾಯಿತು, ಚಾರುದತ್ತನ ಬಾಯಿಂದಲ್ಲ, ಅರಮನೆಯಿಂದ ಬರಬೇಕಾಯಿತು. ಕೃತಾರ್ಥಳಾದೆನೆಂದಷ್ಟೇ ಅವಳು ಹೇಳುತ್ತಾಳೆ. ಆಮೇಲೆ ಭಿಕ್ಷುವಿಗೆ ಏನು ಕೊಡಬೇಕೆಂಬ ಮಾತು ಬರುತ್ತದೆ. ಲೋಕದ ಅನಿತ್ಯವನ್ನು ಕಂಡು ತನ್ನ ವ್ರತದಲ್ಲಿ ಇನ್ನೂ ಗಟ್ಟಿಯಾದೆನೆಂದು ಅವನು ಹೇಳಲು, ನಾಡಿನ ವಿಹಾರಗಳಿಗೆಲ್ಲ ಅವನನ್ನು ಮುಖ್ಯಸ್ಥನನ್ನಾಗಿ ಮಾಡುತ್ತಾರೆ. ಆಗ ಮುಸುಕಿನೊಳಗಿಂದ ವಸಂತಸೇನೆ ಇನ್ನೊಂದು ಮಾತನ್ನಾಡುತ್ತಾಳೆ. ತನ್ನ ಜೀವ ತನಗೆ ಹಿಂದಿರುಗಿದ್ದು ಈಗ, ಎಂದು.